ಉದ್ಯಾನದ ಹಣ ಎಲ್ಲಿಗೆ ಹೋಗಬೇಕು: ವಾರ್ಡ್ ಸಮಿತಿಯಲ್ಲಿ ಒಬ್ಬ ವೈದ್ಯೆಯ ಅನುಭವ

ಸಮುದಾಯ ವೈದ್ಯಶಾಸ್ತ್ರ ಓದಿದ ನಾನು ಬೆಂಗಳೂರಿನ ಪಶ್ಚಿಮ ಭಾಗದ ಹಳೆಯ ಬಡಾವಣೆಯೊಂದರಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ಅಲ್ಲಿನ ಸುಮಾರು ಒಂದೂವರೆ ಎಕರೆಯ ಉದ್ಯಾನವನ್ನು ಸುಧಾರಿಸುವ ಕೆಲಸದಲ್ಲಿ ವಾರ್ಡ್ ಸಮಿತಿಯ ಸದಸ್ಯೆಯಾಗಿ ಕೆಲವು ವರ್ಷ ತೊಡಗಿಕೊಂಡಿದ್ದೆ. ಇದಕ್ಕೆ ಕಾರಣ ನನ್ನ ವೃತ್ತಿಯೇ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ದೈಹಿಕ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ನಾನೂ ಔಷಧಿ ಚೀಟಿಯ ಕೊನೆಯಲ್ಲಿ ಅದನ್ನೇ ಬರೆಯುತ್ತಿದ್ದೆ. ಆದರೆ ಪಾದಚಾರಿ ಮಾರ್ಗದ ಮೇಲೆ ಟ್ರಾನ್ಸ್‌ಫಾರ್ಮರ್, ಬೈಕು, ಮರಳಿನ ರಾಶಿ ಎಲ್ಲವೂ ಇರುವ ಬಡಾವಣೆಯಲ್ಲಿ ಅರವತ್ತು ದಾಟಿದವರು ಎಲ್ಲಿ ನಡೆಯಬೇಕು ಎಂಬುದಕ್ಕೆ ಆ ಚೀಟಿಯಲ್ಲಿ ಉತ್ತರ ಇರುತ್ತಿರಲಿಲ್ಲ.

ಉದ್ಯಾನವನ್ನು ಆರೋಗ್ಯದ ಖರ್ಚೆಂದು ನೋಡುವುದು ನಮ್ಮ ಊರಿಗೆ ಹೊಸದೇನೂ ಅಲ್ಲ. ಇಂದಿನ ಸದಾಶಿವನಗರದ ಭಾಗದಲ್ಲಿ, ಅಂದರೆ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಸಾರ್ವಜನಿಕ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆ ಮಂಜೂರಾತಿ ಸಲ್ಲದೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ. ಆದರೂ ಉದ್ಯಾನದ ಜಾಗ ಉದ್ಯಾನವಾಗಿಯೇ ಉಳಿಯಬೇಕೆಂಬ ಆ ತೀರ್ಪನ್ನು ಸಮಿತಿಯ ಸಭೆಗಳಲ್ಲಿ ನಾನು ಮತ್ತೆ ಮತ್ತೆ ನೆನಪಿಸಿದ್ದೇನೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ ಪ್ರಾಧಿಕಾರದ ಬಡಾವಣೆಯಲ್ಲಿ ಶೇಕಡ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗ ಉದ್ಯಾನ ಮತ್ತು ಆಟದ ಮೈದಾನಗಳಿಗೆ ಮೀಸಲಿರಬೇಕು. ಜಾಗ ಕಾಗದದಲ್ಲಿ ಇದೆ. ಅದರ ಮೇಲೆ ಹಾಕುವ ಹಣ ಯಾವುದಕ್ಕೆ ಹೋಗುತ್ತದೆ ಎಂಬುದರ ಮೇಲೆಯೇ ಜನರಿಗೆ ಆಗುವ ಲಾಭ ನಿಂತಿರುತ್ತದೆ.

ನಮ್ಮ ಮುಂದೆ ಮೊದಲು ಬಂದ ಅಂದಾಜು ಪಟ್ಟಿಯಲ್ಲಿ ಕಮಾನಿನ ದ್ವಾರ, ಬಣ್ಣದ ದೀಪಗಳ ಕಾರಂಜಿ, ಓಪನ್ ಜಿಮ್ ಮತ್ತು ಇಡೀ ಪಥಕ್ಕೆ ಇಂಟರ್‌ಲಾಕ್ ಟೈಲ್ಸ್ ಇದ್ದವು. ಗಿಡಗಳಿಗೆ ಇದ್ದ ಮೊತ್ತ ಅತ್ಯಲ್ಪ, ನೀರು ಹಾಕುವವರ ಕೂಲಿಯ ಪ್ರಸ್ತಾಪವೇ ಇರಲಿಲ್ಲ. ಅದನ್ನು ವಿರೋಧಿಸುವ ಮೊದಲು ಉದ್ಯಾನಕ್ಕೆ ಯಾರು, ಯಾವ ಹೊತ್ತಿಗೆ ಬರುತ್ತಾರೆ ಎಂಬುದನ್ನು ಬರೆದಿಡೋಣ ಎಂದು ನಾನು ಕೇಳಿಕೊಂಡೆ. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಬೇರೆ ಬೇರೆ ಹೊತ್ತಿನಲ್ಲಿ ಕುಳಿತು ಹೆಂಗಸರು, ಗಂಡಸರು, ಮಕ್ಕಳು, ಕೋಲು ಹಿಡಿದು ನಡೆಯುವವರು ಎಂದು ಗುರುತು ಹಾಕಿಕೊಂಡರು. ಬೆಳಗಿನ ಜಾವ ನಿವೃತ್ತರಾದ ಗಂಡಸರೇ ಹೆಚ್ಚು. ಮನೆಗೆಲಸದ ಹೆಂಗಸರು, ಗಾರ್ಮೆಂಟ್ ಕಾರ್ಖಾನೆಗೆ ಹೋಗುವವರು, ಹಿಂದಿನ ಬೀದಿಯ ವಠಾರದ ಮಕ್ಕಳು ಬಹಳ ಕಡಿಮೆ. ವಠಾರದ ಒಂದೊಂದು ಕೋಣೆಯ ಮನೆಗಳಲ್ಲಿರುವವರಿಗೇ ಬಯಲು ಹೆಚ್ಚು ಬೇಕು, ಆದರೆ ಅವರೇ ಅಲ್ಲಿ ಕಾಣುತ್ತಿರಲಿಲ್ಲ.

ಅದಕ್ಕೆ ಒಂದು ಕಾರಣ ಬಹಳ ಸರಳವಾಗಿತ್ತು: ಉದ್ಯಾನಕ್ಕೆ ಇದ್ದದ್ದು ಒಂದೇ ಗೇಟು, ಅದೂ ದೊಡ್ಡ ಮನೆಗಳ ಕಡೆಗೆ. ವಠಾರದಿಂದ ಬರುವವರು ಮುಖ್ಯರಸ್ತೆಯನ್ನು ಬಳಸಿಕೊಂಡು ಬರಬೇಕಿತ್ತು. ಹಿಂದಿನ ಕಡೆಗೊಂದು ಚಿಕ್ಕ ಗೇಟು ಇಡೋಣ ಎಂದಾಗ ನಿವಾಸಿಗಳ ಸಂಘದ ಕೆಲವರು "ಹೊರಗಿನೋರೆಲ್ಲ ಬರ್ತಾರೆ ಡಾಕ್ಟ್ರೇ" ಎಂದು ಆಕ್ಷೇಪಿಸಿದರು. ಅವರಲ್ಲಿ ಹಲವರ ಮನೆಗೆ ಪಾತ್ರೆ ತೊಳೆಯಲು ಬರುವವರು ಆ ವಠಾರದವರೇ. ಸಾರ್ವಜನಿಕ ಹಣದ ಉದ್ಯಾನದಲ್ಲಿ ಹೊರಗಿನವರೆಂಬ ಮಾತಿಗೆ ಜಾಗವಿಲ್ಲವೆಂದು ನಾನು ಅಂದೂ ಹೇಳಿದೆ, ಇಂದೂ ಹೇಳುತ್ತೇನೆ. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಜಗಳದ ಮತ್ತು ನನ್ನ ಅಂದಾಜಿನಲ್ಲಿ ಅತಿ ಹೆಚ್ಚು ಫಲ ಕೊಟ್ಟ ಕೆಲಸ ಆ ಗೇಟು. ಆಗ ಉದ್ಯಾನಗಳು ಬೆಳಿಗ್ಗೆ ಹತ್ತರ ಹೊತ್ತಿಗೆ ಮುಚ್ಚಿ ಮಧ್ಯಾಹ್ನದ ಮೇಲೆ ತೆರೆಯುತ್ತಿದ್ದವು. 2024ರಲ್ಲಿ ಪಾಲಿಕೆ ತನ್ನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ತೀರ್ಮಾನಿಸಿದ್ದು ದುಡಿದು ಬರುವವರಿಗೆ ದೊಡ್ಡ ಅನುಕೂಲ.

ಬೇಸಿಗೆಯ ಮಧ್ಯಾಹ್ನ ತೆರೆದಿದ್ದರೂ ನೆರಳಿಲ್ಲದ ಉದ್ಯಾನಕ್ಕೆ ಯಾರೂ ಬರುವುದಿಲ್ಲ. ಬೆಂಗಳೂರಿನ ರಸ್ತೆಗಳಲ್ಲೇ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮರಗಳಿರುವ ರಸ್ತೆಯ ಭಾಗದಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ ಮರಗಳಿಲ್ಲದ ಭಾಗಕ್ಕಿಂತ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆ ಇತ್ತು. ರಸ್ತೆಯ ಮೇಲ್ಮೈಯಲ್ಲಿ ಆ ಅಂತರ 27.5 ಡಿಗ್ರಿಯವರೆಗೂ ಕಂಡುಬಂದಿತ್ತು. ಹಾಗಾಗಿ ಹುಲ್ಲುಹಾಸಿಗೆ ಮತ್ತು ಕತ್ತರಿಸಿ ಆಕಾರ ಕೊಡುವ ಅಲಂಕಾರದ ಗಿಡಗಳಿಗೆ ಇಟ್ಟಿದ್ದ ಹಣವನ್ನು ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ, ಸಂಪಿಗೆಗಳಿಗೆ ತಿರುಗಿಸಲು ನಾವು ಕೇಳಿದೆವು.

ಗುಂಡಿ ತೆಗೆಯುವಾಗ ನಿಂತು ನೋಡಿದವರಿಗೆ ಮಾತ್ರ ನಗರದ ಗಿಡಗಳು ಏಕೆ ಸಾಯುತ್ತವೆ ಎಂಬುದು ತಿಳಿಯುತ್ತದೆ. ಒಂದು ಗೇಣು ಕೆಂಪುಮಣ್ಣಿನ ಕೆಳಗೆ ನಮ್ಮಲ್ಲಿ ಸಿಕ್ಕಿದ್ದು ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಮುರಿದ ಪೈಪು. ಯಾವ ಕಾಲದಲ್ಲೋ ಕಟ್ಟಡದ ಅವಶೇಷ ಸುರಿದು ಮೇಲೆ ಮಣ್ಣು ಹರಡಿದ್ದರು. ಅಡಿಯಷ್ಟೇ ಆಳದ ಗುಂಡಿಯಲ್ಲಿ ಸಸಿ ನೆಟ್ಟು ಫೋಟೊ ತೆಗೆಸಿಕೊಂಡಿದ್ದರೆ ಮೊದಲ ಬೇಸಿಗೆಯಲ್ಲೇ ಅವು ಒಣಗುತ್ತಿದ್ದವು. ಉದ್ದ, ಅಗಲ, ಆಳ ಮೂರೂ ಮೂರು ಅಡಿ ಬರುವಂತೆ ತೋಡಿಸಿ, ಅವಶೇಷವನ್ನು ಹೊರಗೆ ಸಾಗಿಸಿ, ಹೊಸ ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿಸಿದೆವು. ಎದೆಮಟ್ಟಕ್ಕಿಂತ ಎತ್ತರದ ಸಸಿಗಳನ್ನೇ ತರಿಸಿ, ಊರುಗೋಲು ಕಟ್ಟಿಸಿ, ಬುಡಕ್ಕೆ ತರಗೆಲೆ ಹೊದಿಸಿದೆವು. ಒಂದು ಗಿಡಕ್ಕೆ ತಗಲುವ ವೆಚ್ಚ ಇದರಿಂದ ಹೆಚ್ಚಾಯಿತು, ಸಂಖ್ಯೆ ಕಡಿಮೆಯಾಯಿತು. ಬದುಕುವ ಗಿಡಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪಥಕ್ಕೆ ಗಟ್ಟಿಗೊಳಿಸಿದ ಮಣ್ಣನ್ನೇ ಆರಿಸಿಕೊಂಡು, ಅಂಚಿಗೆ ಕಲ್ಲು ಕೂರಿಸಿ, ಇಬ್ಬರು ಪಕ್ಕಪಕ್ಕದಲ್ಲಿ ನಡೆಯುವಷ್ಟು ಅಗಲ ಬಿಟ್ಟೆವು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರು ಕೆಳಗೆ ಸಿಕ್ಕಿದ್ದನ್ನು ತಿಳಿಯದೆ ಗಾಯ ಮಾಡಿಕೊಳ್ಳುತ್ತಾರೆ. ಪಾಚಿ ಕಟ್ಟಿದ ಟೈಲ್ಸ್, ಮೇಲೆದ್ದ ಮೂಲೆ, ಎರಡೂ ಅವರಿಗೆ ಅಪಾಯ. ಮಳೆನೀರು ಪಥದ ಮೇಲೆ ನಿಲ್ಲದಂತೆ ಪಕ್ಕದಲ್ಲಿ ಇಂಗುಗುಂಡಿಗಳನ್ನು ತೋಡಿಸಿದೆವು.

ದಾನಿಗಳು ಹಾಕಿಸಿದ್ದ ಸಿಮೆಂಟ್ ಬೆಂಚುಗಳ ಮೇಲೆ ಅವರ ಹಿರಿಯರ ಹೆಸರುಗಳಿದ್ದವು. ಆದರೆ ಬೆಂಚುಗಳು ತೀರ ತಗ್ಗು, ಕೈಯೂರಲು ಆಸರೆಯೂ ಇರಲಿಲ್ಲ. ಮಂಡಿ ಸವೆದ ನನ್ನ ರೋಗಿಯೊಬ್ಬರು, "ಕೂತ್ರೆ ಏಳೋಕಾಗಲ್ಲ ಡಾಕ್ಟರಮ್ಮ, ಯಾರನ್ನಾದ್ರೂ ಕರೀಬೇಕು, ಅದಕ್ಕೇ ಹೋಗೋದೇ ಬಿಟ್ಟೆ" ಎಂದಿದ್ದರು. ಹೊಸ ಬೆಂಚುಗಳನ್ನು ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರಕ್ಕೆ, ಎರಡೂ ಬದಿ ಕೈಯಾಸರೆಯೊಂದಿಗೆ ಮಾಡಿಸಿದೆವು. ಪಥದ ಉದ್ದಕ್ಕೂ ಸ್ವಲ್ಪ ಸ್ವಲ್ಪ ದೂರಕ್ಕೆ ಒಂದರಂತೆ ಇರಿಸಿದ್ದರಿಂದ ಕುಳಿತು ಎದ್ದು ಮುಂದೆ ಸಾಗುವವರಿಗೆ ಧೈರ್ಯ ಬಂತು. ಹೆಂಗಸರ ಶೌಚಾಲಯದ ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗಲಿಲ್ಲ. ಮೂತ್ರದ ಆತುರ ಇರುವ ಮಧ್ಯವಯಸ್ಸಿನ ಹೆಂಗಸರು ಶೌಚಾಲಯವಿಲ್ಲದ ಕಡೆ ಅರ್ಧ ಗಂಟೆ ನಡೆಯಲು ಒಪ್ಪುವುದಿಲ್ಲ. ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ, ನನಗಿರಲಿಲ್ಲ.

ಕಾರಂಜಿಯನ್ನು ನಾನು ಬೇಡವೆಂದದ್ದು ಡೆಂಗಿಯ ಕಾರಣಕ್ಕೆ. ಪಂಪು ಕೆಟ್ಟ ಕಾರಂಜಿಯ ತೊಟ್ಟಿಯಲ್ಲಿ ನಿಂತ ನೀರು ಈಡಿಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ಮೊಟ್ಟೆ ಸೊಳ್ಳೆಯಾಗಲು ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ ಮೇಲಂತೂ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಕಾಂಗ್ರೆಸ್ ಗಿಡವನ್ನೂ ಹೂ ಬಿಡುವ ಮೊದಲೇ ಬೇರುಸಹಿತ ಕೀಳಿಸಬೇಕು, ಅದರಿಂದ ಚರ್ಮದ ತುರಿಕೆ, ಮೂಗಿನ ಅಲರ್ಜಿ ಬರುವವರು ನಮ್ಮಲ್ಲಿ ಬಹಳ. ಕೀಳುವವರಿಗೆ ಕೈಗವಸು ಕೊಡುವುದು ಕಡ್ಡಾಯವಾಗಬೇಕು. ತರಗೆಲೆಯನ್ನು ಉರಿಸುವುದನ್ನು ನಿಲ್ಲಿಸಿ ಮೂಲೆಯಲ್ಲಿ ಗೊಬ್ಬರದ ಗುಂಡಿ ಮಾಡಿಸಿದೆವು, ಆ ಹೊಗೆಯಿಂದ ಉಬ್ಬಸದವರು ಪಡುತ್ತಿದ್ದ ಪಾಡು ನನಗೆ ಗೊತ್ತಿತ್ತು.

ಇಷ್ಟೆಲ್ಲ ಉಳಿಯುವುದು ಮೂರು ಜನರ ಕೈಯಲ್ಲಿ: ಇಬ್ಬರು ತೋಟದ ಕೆಲಸದ ಹೆಂಗಸರು ಮತ್ತು ಒಬ್ಬ ಕಾವಲುಗಾರ. ಉದ್ಘಾಟನೆಯಾಗುವ ಕಾಮಗಾರಿಗೆ ಹಣ ಹುಟ್ಟುತ್ತದೆ, ಪ್ರತಿ ತಿಂಗಳ ಕೂಲಿಗೆ ಹುಟ್ಟುವುದಿಲ್ಲ. ಒಂದು ವರ್ಷ ನಿರ್ವಹಣೆಯ ಗುತ್ತಿಗೆ ನವೀಕರಣವಾಗುವುದು ತಡವಾಗಿ, ಇವರಿಗೆ ತಿಂಗಳುಗಟ್ಟಲೆ ಕೂಲಿ ಸಿಗಲಿಲ್ಲ. ಆ ಬೇಸಿಗೆ ಟ್ಯಾಂಕರ್ ನೀರಿಗೆ ಬಡಾವಣೆಯವರೇ ಹಣ ಕೂಡಿಸಿದರು. ಸಾವಿರಾರು ರೂಪಾಯಿಯ ಒಂದೊಂದು ಮರವನ್ನು ನೆಟ್ಟು, ಅದನ್ನು ಕಾಯುವವರಿಗೆ ಕೂಲಿ ಬಾಕಿ ಇಡುವ ಲೆಕ್ಕಾಚಾರ ನನಗೆ ಎಂದಿಗೂ ಅರ್ಥವಾಗದು. ನಗರಗಳ ನೀರು, ಒಳಚರಂಡಿಯಂಥ ಸೌಕರ್ಯಗಳಿಗೆಂದು ಕೇಂದ್ರದ ಅಮೃತ್ ಯೋಜನೆ 2015ರಲ್ಲಿ ಬಂದಾಗ ಹಸಿರು ಜಾಗ, ಉದ್ಯಾನಗಳಿಗೆ ಅದರ ಮೊತ್ತದಲ್ಲಿ ಹೆಚ್ಚೆಂದರೆ ಶೇಕಡ 2.5ರಷ್ಟು ಅವಕಾಶವಿತ್ತು; ಅಷ್ಟು ಚಿಕ್ಕ ಪಾಲೂ ನಿರ್ಮಾಣದಲ್ಲೇ ಮುಗಿದುಹೋದರೆ ಗಿಡಕ್ಕೆ ನೀರು ಹಾಕುವವರು ಯಾರು?

ಇದರಿಂದ ನನ್ನ ರೋಗಿಗಳ ಸಕ್ಕರೆ ಇಷ್ಟು ಇಳಿಯಿತೆಂದು ನಾನು ಹೇಳಲಾರೆ, ಅದನ್ನು ಅಳೆಯುವ ಅಧ್ಯಯನ ನಮ್ಮದಾಗಿರಲಿಲ್ಲ. ಅಂಥ ಅಳತೆ ಬೇರೆಡೆ ನಡೆದಿದೆ: ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪಾಳುಬಿದ್ದ 541 ನಿವೇಶನಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವನ್ನು ಹಸಿರುಗೊಳಿಸಿ ನೋಡಿದಾಗ, ಆ ಜಾಗಗಳ ಸುತ್ತ ಇದ್ದವರಲ್ಲಿ ಖಿನ್ನರಾಗಿದ್ದೇವೆ ಎನ್ನುವ ಭಾವನೆ ಶೇಕಡ 41.5ರಷ್ಟು ತಗ್ಗಿತ್ತೆಂದು 2018ರಲ್ಲಿ ಪ್ರಕಟವಾಯಿತು. ನಮ್ಮ ಉದ್ಯಾನದಲ್ಲಿ ವಿದ್ಯಾರ್ಥಿಗಳು ಮತ್ತೆ ಕುಳಿತು ಗುರುತು ಹಾಕಿದಾಗ ಮಧ್ಯಾಹ್ನ ಮತ್ತು ಸಂಜೆಯ ಕಲಂಗಳಲ್ಲಿ ಹೆಂಗಸರು, ಮಕ್ಕಳು ತುಂಬಿದ್ದರು, ಕೋಲು ಹಿಡಿದವರೂ ಹೆಚ್ಚಿದ್ದರು. ಈ ಸಲದ ಅಂದಾಜು ಪಟ್ಟಿಗೆ ನಾವು ಕೇಳಿರುವುದು ಎರಡೇ: ಮೂವರ ಕೂಲಿಯನ್ನು ಕಾಮಗಾರಿಯಿಂದ ಬೇರ್ಪಡಿಸಿ ಮೂರು ವರ್ಷಕ್ಕೆ ಒಟ್ಟಿಗೆ ಮಂಜೂರು ಮಾಡುವುದು, ಮತ್ತು ಹಿಂದಿನ ಗೇಟಿನ ಬಳಿ ಒಂದು ದೀಪ.