ನವೆಂಬರ್ ತಿಂಗಳ ಒಂದು ಗಂಟೆ: ಐಟಿ ಲೀಡರ್‌ಶಿಪ್ ಪ್ರೋಗ್ರಾಂನಲ್ಲಿ ನನ್ನ ಅನುಭವ

ಇಂಜಿನಿಯರಿಂಗ್ ಮುಗಿದ ಮೇಲೆ ನಾನು ಸೇರಿದ್ದು ಬೆಂಗಳೂರಿನಲ್ಲಿರುವ ಒಂದು ವಿದೇಶಿ ಕಂಪನಿಯ ಐಟಿ ಲೀಡರ್‌ಶಿಪ್ ಪ್ರೋಗ್ರಾಂಗೆ. ಎರಡು ವರ್ಷದ ಲೆಕ್ಕ. ಆರು ತಿಂಗಳಿಗೊಮ್ಮೆ ತಂಡ ಬದಲಾಗುತ್ತದೆ, ಒಟ್ಟು ನಾಲ್ಕು ತಂಡ. ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ಐಟಿ ಲೀಡರ್‌ಶಿಪ್ ಪ್ರೋಗ್ರಾಂ ಕೂಡ ಇದೇ ಲೆಕ್ಕದಲ್ಲಿ ನಡೆಯುತ್ತಿತ್ತು. ಮಾಮೂಲಿ ಕ್ಯಾಂಪಸ್ ಕೆಲಸದಲ್ಲಿ ತರಬೇತಿ ಕೊಟ್ಟು ಒಂದು ಪ್ರಾಜೆಕ್ಟಿಗೆ ಹಾಕಿಬಿಡುತ್ತಾರೆ. ಇಲ್ಲಿ ಒಂದೇ ಕಂಪನಿಯನ್ನು ನಾಲ್ಕು ಕಡೆಯಿಂದ ನೋಡಬಹುದು. ನನಗೆ ಬೇಕಾಗಿದ್ದೂ ಅದೇ.

ಆಯ್ಕೆ ಹೇಗೆ ನಡೆಯುತ್ತದೆ ಅಂತ ಜೂನಿಯರ್‌ಗಳು ಜಾಸ್ತಿ ಕೇಳುತ್ತಾರೆ. ಆಪ್ಟಿಟ್ಯೂಡ್ ಟೆಸ್ಟ್, ಗ್ರೂಪ್ ಡಿಸ್ಕಷನ್, ಎರಡು ಇಂಟರ್‌ವ್ಯೂ. ಕೋಡಿಂಗ್ ಪ್ರಶ್ನೆ ಇತ್ತು, ಆದರೆ ಕಷ್ಟದ್ದೇನಲ್ಲ. ಕೊನೆಯ ಇಂಟರ್‌ವ್ಯೂನಲ್ಲಿ ಕೇಳಿದ್ದು ಒಂದೇ: "ಯಾರೂ ಹೇಳದೆ ನೀವಾಗೇ ಮುಂದೆ ನಿಂತು ಮಾಡಿದ ಕೆಲಸ ಯಾವುದು?" ನಾನು ಹಾಸ್ಟೆಲ್ ಮೆಸ್ ಲೆಕ್ಕದ ವಿಷಯ ಹೇಳಿದೆ. ತಿಂಗಳ ಖರ್ಚನ್ನು ಎಲ್ಲರಿಗೂ ಸಮನಾಗಿ ಹಂಚುತ್ತಿದ್ದರು. ಊರಿಗೆ ಹೋದವರೂ ಪೂರ್ತಿ ಕಟ್ಟಬೇಕಿತ್ತು. ಯಾರು ಎಷ್ಟು ದಿನ ಊಟ ಮಾಡಿದರೋ ಅಷ್ಟಕ್ಕೇ ಬಿಲ್ ಬರುವ ಹಾಗೆ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ಅಡುಗೆಯವರನ್ನು ಒಪ್ಪಿಸಿದ್ದು ಹೇಗೆ, ಯಾರು ಜಗಳ ತೆಗೆದರು, ಎಲ್ಲಾ ಕೆದಕಿ ಕೇಳಿದರು. ಇಪ್ಪತ್ತು ನಿಮಿಷ ಅದೇ ಮಾತು.

ಮೊದಲ ಆರು ತಿಂಗಳು ಪ್ರೊಡಕ್ಷನ್ ಸಪೋರ್ಟ್. ಅಂದರೆ ಓಡುತ್ತಿರುವ ಸಿಸ್ಟಮ್ ನಿಲ್ಲದ ಹಾಗೆ ನೋಡಿಕೊಳ್ಳುವುದು: ಟಿಕೆಟ್ (ಅಂದರೆ ಬಂದ ದೂರಿನ ದಾಖಲೆ), ಶಿಫ್ಟ್, ರಾತ್ರಿ ಫೋನ್. ನಮ್ಮ ಬ್ಯಾಚಿನಲ್ಲಿ ಯಾರಿಗೂ ಇದು ಇಷ್ಟವಿರಲಿಲ್ಲ, ಎಲ್ಲರಿಗೂ ಡೇಟಾ ತಂಡವೇ ಬೇಕು. ನಾನೂ ಬೇಜಾರಿನಲ್ಲೇ ಹೋದೆ. ಈಗ ಯಾರಾದರೂ ಕೇಳಿದರೆ ಮೊದಲು ಸಪೋರ್ಟ್‌ಗೇ ಹೋಗಿ ಅನ್ನುತ್ತೇನೆ.

ಅಮೆರಿಕದ ಪೂರ್ವ ಕರಾವಳಿಯಿಂದ ವಾರಕ್ಕೆ ಐದು ದಿನ ಒಂದು ಆರ್ಡರ್ ಫೈಲ್ ಬರುತ್ತಿತ್ತು. ಅಲ್ಲಿ ಸಂಜೆ 6 ಗಂಟೆ ಅಂದರೆ ನಮಗೆ ಬೆಳಗಿನ ಜಾವ 3:30. ಅದನ್ನು ಓದುವ ಜಾಬ್, ಅಂದರೆ ಹಾಕಿಟ್ಟ ಟೈಮಿಗೆ ತಾನಾಗೇ ಓಡುವ ಸಾಫ್ಟ್‌ವೇರ್, ಆಗಸ್ಟ್‌ನಲ್ಲಿ ನಮ್ಮ ಸರ್ವರ್‌ಗೆ ಬಂತು. ಅದಕ್ಕೆ 4 ಗಂಟೆ ಅಂತ ಟೈಮ್ ಹಾಕಿದ್ದು ನಾನೇ. ಎರಡು ತಿಂಗಳು ಏನೂ ತೊಂದರೆ ಆಗಲಿಲ್ಲ. ನವೆಂಬರ್ ಮೊದಲ ಭಾನುವಾರ ಅಮೆರಿಕದ ಹೆಚ್ಚಿನ ಕಡೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಮಂಗಳವಾರ ಫೈಲ್ ಬಂದದ್ದು 4:30ಕ್ಕೆ. ಅಷ್ಟರಲ್ಲಿ ನನ್ನ ಜಾಬ್ ಹಳೆ ಫೈಲನ್ನೇ ಮತ್ತೆ ಓದಿ ಮುಗಿಸಿತ್ತು. ಸ್ಕ್ರೀನ್ ಮೇಲೆ ಎಲ್ಲಾ ಹಸಿರು, ಅಂದರೆ ಎಲ್ಲಾ ಸರಿಯಿದೆ ಅಂತ.

ಬೆಳಿಗ್ಗೆ, ಆ ಆರ್ಡರ್ ನೋಡಿ ಮಾಲು ಪ್ಯಾಕ್ ಮಾಡುವ ನೆಲಮಂಗಲದ ಗೋದಾಮಿನಿಂದ ಫೋನ್. "ಮೇಡಂ, ಕಳಿಸಿ ಆಗಿರೋ ಮಾಲೇ ಮತ್ತೆ ಲಿಸ್ಟ್‌ನಲ್ಲಿ ಬಂದಿದೆಯಲ್ಲ?" ನಾನು ಲಾಗ್ (ಸಿಸ್ಟಮ್ ಏನೇನು ಮಾಡಿತು ಅನ್ನುವ ದಾಖಲೆ) ತೆಗೆದು ಹುಡುಕಲು ಕೂತೆ. ಶಿಫ್ಟ್‌ನಲ್ಲಿದ್ದ ಸೀನಿಯರ್ ಬಂದು, "ಮೊದಲು ಪ್ಯಾಕಿಂಗ್ ನಿಲ್ಲಿಸೋಕೆ ಹೇಳಮ್ಮ. ಯಾಕಾಯ್ತು ಅನ್ನೋದನ್ನ ಆಮೇಲೆ ನೋಡೋಣ" ಅಂದರು. ನನ್ನ ಕೈ ನಡುಗುತ್ತಿತ್ತು. ಫೋನ್ ಮಾಡಿ, ತಪ್ಪು ನಮ್ಮ ಕಡೆಯದು, ಒಂಬತ್ತು ಗಂಟೆಯೊಳಗೆ ಹೊಸ ಲಿಸ್ಟ್ ಕಳಿಸುತ್ತೇನೆ ಅಂದೆ. ಕಳಿಸಿದೆ. ಮಾರನೇ ದಿನ ಗಡಿಯಾರದ ಲೆಕ್ಕವನ್ನೇ ತೆಗೆದುಹಾಕಿ, ಹೊಸ ಫೈಲ್ ಬಂದಾಗ ಮಾತ್ರ ಜಾಬ್ ಶುರುವಾಗುವ ಹಾಗೆ ಮಾಡಿದೆ. ಮೀಟಿಂಗ್‌ನಲ್ಲಿ ಟೈಮ್ ಹಾಕಿದ್ದು ನಾನೇ ಅಂತ ಮೊದಲೇ ಹೇಳಿಕೊಂಡೆ. ಯಾರೂ ಬೈಯಲಿಲ್ಲ. ಹೀಗೇ ಗಂಟೆ ನಂಬಿಕೊಂಡಿರುವ ಬೇರೆ ಜಾಬ್‌ಗಳ ಪಟ್ಟಿ ಮಾಡಿ ಅಂದರು.

ಡೇಟಾ ತಂಡದಲ್ಲಿ ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಚೆನ್ನಾಗಿ ಕಲಿತೆ. ಸೆಕ್ಯುರಿಟಿ ತಂಡದಲ್ಲಿ ಯಾರಿಗೆ ಯಾವ ಪರ್ಮಿಷನ್ ಇದೆ ಅಂತ ಪರಿಶೀಲಿಸುವುದೇ ಕೆಲಸ. ನನಗೆ ಅದು ಹಿಡಿಸಲಿಲ್ಲ.

ನಾಲ್ಕನೇ ತಂಡದ ಕೆಲಸಕ್ಕೆ ಅದೇ ನೆಲಮಂಗಲದ ಗೋದಾಮಿಗೆ ಹೋದೆ. ನನ್ನ ಫೈಲ್ ಅಲ್ಲಿ ಒಂದು ಧೂಳು ಹಿಡಿದ ಪ್ರಿಂಟರ್‌ನಿಂದ ಕಾಗದವಾಗಿ ಹೊರಗೆ ಬರುತ್ತಿತ್ತು. ಅದನ್ನು ರಟ್ಟಿಗೆ ಸಿಕ್ಕಿಸಿಕೊಂಡು ಹುಡುಗರು ರ್‍ಯಾಕ್‌ಗಳ ನಡುವೆ ಓಡಾಡುತ್ತಿದ್ದರು. ಆ ಮಂಗಳವಾರ ಕಟ್ಟಿದ್ದ ಪೆಟ್ಟಿಗೆಗಳ ಟೇಪ್ ಕಿತ್ತು, ಮಾಲನ್ನು ಒಂದೊಂದಾಗಿ ವಾಪಸ್ ಜೋಡಿಸಿದ್ದನ್ನು ಸೂಪರ್‌ವೈಸರ್ ನೆನಪಿಸಿಕೊಂಡರು. ನನ್ನ ಟಿಕೆಟ್‌ನಲ್ಲಿ ಅದು ಬರೀ ಒಂದು ಸಾಲಾಗಿತ್ತು.

ಇಂಥ ಪ್ರೋಗ್ರಾಂ ಸೇರುವವರು ಮೊದಲೇ ಎರಡು ವಿಷಯ ಕೇಳಿಕೊಳ್ಳಿ. ತಂಡ ಯಾವುದು ಅಂತ ತೀರ್ಮಾನಿಸುವವರು ಯಾರು? ಎರಡು ವರ್ಷದ ಮೇಲೆ ಕೆಲಸ ಗ್ಯಾರಂಟಿನಾ, ಇಲ್ಲಾ ನಾವೇ ಒಳಗೆ ಹುಡುಕಿಕೊಳ್ಳಬೇಕಾ? ನಮ್ಮಲ್ಲಿ ನಾವೇ ಹುಡುಕಿಕೊಳ್ಳಬೇಕಿತ್ತು. ಕೊನೆಯ ಮೂರು ತಿಂಗಳು ಅದೇ ಚಿಂತೆ.

ನಾನು ಕೇಳಿ ಪಡೆದದ್ದು ಗೋದಾಮಿನ ಸಿಸ್ಟಮ್ ನೋಡಿಕೊಳ್ಳುವ ತಂಡ. ಪ್ರೋಗ್ರಾಂನಿಂದ ನಮ್ಮಲ್ಲಿಗೆ ಬರುವ ಹೊಸಬರನ್ನು ಮೊದಲ ವಾರವೇ ನೆಲಮಂಗಲಕ್ಕೆ ಕರೆದುಕೊಂಡು ಹೋಗುತ್ತೇನೆ, ಆ ಪ್ರಿಂಟರ್ ಪಕ್ಕ ನಿಲ್ಲಿಸುತ್ತೇನೆ. ಲ್ಯಾಪ್‌ಟಾಪ್ ಆಫೀಸಿನಲ್ಲೇ ಇಟ್ಟು ಬನ್ನಿ ಅನ್ನುತ್ತೇನೆ.