ಟೈರಿಗೂ ಫೆಂಡರಿಗೂ ನಡುವೆ ಎರಡು ಬೆರಳು

ಅವತ್ತು ಭಾನುವಾರ. ನಂದಿ ಬೆಟ್ಟದಿಂದ ಇಳಿದು ಬೆಂಗಳೂರಿನ ಕಡೆ ಬರುತ್ತಿದ್ದೆವು. ಕಾರಿನಲ್ಲಿ ನಾನು, ತಂಗಿ, ಹಿಂದಿನ ಸೀಟಿನಲ್ಲಿ ಅವಳ ಆರು ವರ್ಷದ ಮಗ. ದೇವನಹಳ್ಳಿ ದಾಟಿದ ಮೇಲೆ ಬ್ಯಾರಿಕೇಡ್ ಹತ್ತಿರ ಟ್ರಾಫಿಕ್ ಪೊಲೀಸರೊಬ್ಬರು ಕೈ ಅಡ್ಡ ಹಿಡಿದರು. ನನ್ನ ಕಾರನ್ನೇ ಯಾಕೆ ನಿಲ್ಲಿಸಿದರು ಅಂತ ಕೇಳುವ ಅಗತ್ಯ ಇರಲಿಲ್ಲ. ನಾನು ಕಾಣಿಸುವ ಮೊದಲೇ ನನ್ನ ಸೈಲೆನ್ಸರ್ ಸದ್ದು ಅವರಿಗೆ ಕೇಳಿಸಿತ್ತು.

ಕಾರು 2013ರ ಸ್ವಿಫ್ಟ್ ವಿಡಿಐ. ನಾಲ್ಕು ವರ್ಷದಲ್ಲಿ ಒಂದೊಂದಾಗಿ ಮಾಡಿಸಿದ ಕೆಲಸ ಅದರ ಮೇಲಿತ್ತು. ಹದಿನಾರು ಇಂಚಿನ ಅಲಾಯ್ ಚಕ್ರ, ಅಗಲದ ಟೈರು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಹಾಕಿಸಿದ ನೇರ ಪೈಪು, ರೀಮ್ಯಾಪ್ ಅಂದರೆ ಎಂಜಿನ್ನಿನ ಸಾಫ್ಟ್‌ವೇರ್ ಬದಲಾವಣೆ, ಗಾಜಿಗೆ ಕಪ್ಪು ಫಿಲ್ಮ್, ಎಲ್‌ಇಡಿ ಹೆಡ್‌ಲೈಟ್, ಬಿಳಿ ಬಣ್ಣದ ಮೇಲೆ ಅಂಟಿಸಿದ, ಹೊಳಪಿಲ್ಲದ ಬೂದು ಹಾಳೆಯ ರ‍್ಯಾಪ್. ಜೊತೆಗೆ ಕಾರು ತಗ್ಗಾಗಿ ಕಾಣಲಿ ಅಂತ ಸ್ಪ್ರಿಂಗ್ ಕಟ್ ಮಾಡಿಸಿದ್ದೆ.

ಎಎಸ್‌ಐ ಒಬ್ಬರು ಬಂದರು. ವಯಸ್ಸಾದವರು, ಮಾತು ಮೆತ್ತಗೆ. "ಆರ್‌ಸಿ ತೋರಿಸಿ" ಅಂದರು. ಡಿಜಿಲಾಕರ್ ತೆರೆದು ಕೊಟ್ಟೆ. ಮೊಬೈಲ್ ನೋಡಿದರು, ಕಾರು ನೋಡಿದರು. "ಇದರಲ್ಲಿ ಬಿಳಿ ಅಂತ ಇದೆಯಲ್ಲಪ್ಪಾ?" ಫಿಲ್ಮಿಗೆ ಮತ್ತು ಸೈಲೆನ್ಸರಿಗೆ ದಂಡ ಹಾಕಿದರು. ಬಣ್ಣವನ್ನು ಬೇಗ ಸರಿ ಮಾಡಿಸಿಕೊಳ್ಳಿ ಅಂದರು. ರಸೀದಿ ಕೊಟ್ಟರು. ಹೊರಡುವಾಗ ಅವರು ಮುಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಟೈರಿಗೂ ಅದರ ಮೇಲಿನ ಕಾರಿನ ಅಂಚಿಗೂ, ಅಂದರೆ ಫೆಂಡರಿಗೂ, ನಡುವೆ ಎರಡು ಬೆರಳು ಹಾಕಲು ನೋಡಿದರು. ಒಂದೇ ಬೆರಳು ಹೋಯಿತು. "ಮಗು ಕೂರಿಸ್ಕೊಂಡು ಹಂಪ್ ಮೇಲೆ ಹೆಂಗ್ ಹೋಗ್ತೀರಾ ಇದರಲ್ಲಿ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಮುಂದಿನ ಕಾರಿನ ಕಡೆ ನಡೆದರು.

ದಂಡದ ಬಗ್ಗೆ ನನಗೆ ಬೇಜಾರಾಗಲಿಲ್ಲ. ಆ ಪ್ರಶ್ನೆ ಮಾತ್ರ ಮನೆತನಕ ಜೊತೆಯಲ್ಲೇ ಬಂತು.

ಮಾರನೇ ದಿನ ಪರಿಚಯದ ಗ್ಯಾರೇಜಿಗೆ ಹೋದೆ. ಸ್ಪ್ರಿಂಗ್ ಕಟ್ ಮಾಡಿದ್ದು ಇವರಲ್ಲ, ಬೇರೆ ಕಡೆ ಮಾಡಿಸಿದ್ದೆ. ಅಲ್ಲಿನ ಮೆಕ್ಯಾನಿಕ್ ಅಣ್ಣ ಕಾರನ್ನು ಜಾಕ್ ಮೇಲೆ ಎತ್ತಿದರು. ಮುಂದಿನ ಎರಡೂ ಚಕ್ರ ಗಾಳಿಯಲ್ಲಿ ಜೋತುಬಿದ್ದವು. ಟಾರ್ಚ್ ಹಾಕಿ ಒಳಗೆ ನೋಡಿದರು, ಆಮೇಲೆ ನನ್ನನ್ನು ಕರೆದರು. "ಇಲ್ಲಿ ಕೈ ಹಾಕಿ ನೋಡಿ." ಎಡಗಡೆಯ ಸ್ಪ್ರಿಂಗ್ ಹಿಡಿದೆ. ಅದು ಕೈಯಲ್ಲಿ ಬಳೆಯ ಹಾಗೆ ತಿರುಗಿತು.

ಸ್ಪ್ರಿಂಗ್ ಹಾಗೆ ತಿರುಗಲೇಬಾರದು. ಸ್ವಿಫ್ಟಿನ ಮುಂದೆ ಇರುವುದು ಸ್ಟ್ರಟ್, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಸೇರಿದ ಒಂದೇ ಜೋಡಣೆ. ಚಕ್ರ ಪೂರ್ತಿ ಕೆಳಗೆ ಜೋತುಬಿದ್ದಾಗಲೂ ಸ್ಪ್ರಿಂಗ್ ತಾನು ಕೂರುವ ಮೇಲಿನ, ಕೆಳಗಿನ ತಟ್ಟೆಗಳಿಗೆ (ಇವನ್ನೂ ಸೀಟು ಅಂತಲೇ ಕರೆಯುತ್ತಾರೆ) ಒತ್ತಿಕೊಂಡೇ ಇರಬೇಕು. ನನ್ನದರಲ್ಲಿ ಒಂದೂವರೆ ಸುತ್ತು ಕಡಿಮೆ. ಹಂಪ್ ಇಳಿಯುವಾಗಲೋ ಗುಂಡಿ ದಾಟುವಾಗಲೋ ಚಕ್ರ ಕೆಳಗೆ ಬೀಳುತ್ತದೆ, ಸ್ಪ್ರಿಂಗ್ ಸೀಟಿನಿಂದ ಬಿಡುತ್ತದೆ. ಮತ್ತೆ ಭಾರ ಬಿದ್ದಾಗ ಅದು ನೆಟ್ಟಗೆ ಕೂರುತ್ತದೆ ಅನ್ನುವ ಖಾತ್ರಿ ಇಲ್ಲ. ಕತ್ತರಿಸಿದ ತುದಿ ಕಪ್ಪಗೆ, ನೀಲಿ ಛಾಯೆಗೆ ತಿರುಗಿತ್ತು. ಗ್ಯಾಸ್ ಕಟ್ಟರಿನಲ್ಲಿ ಕುಯ್ದಿದ್ದಾರೆ, ಕಾಯಿಸಿದ ಕಡೆ ಉಕ್ಕಿನ ಹದ ಹೋಗಿರುತ್ತದೆ ಅಂತ ಅಣ್ಣ ವಿವರಿಸಿದರು. ಇಷ್ಟೂ ಸಾಲದು ಅಂತ, ಸುತ್ತು ಕಡಿಮೆಯಾದ ಸ್ಪ್ರಿಂಗ್ ಮೊದಲಿಗಿಂತ ಗಡುಸಾಗುತ್ತದೆ. ಓಡಾಟಕ್ಕೆ ಜಾಗವೂ ಇಲ್ಲ, ಮೆತ್ತಗೂ ಇಲ್ಲ. ನಾನು ಅದನ್ನೇ "ರೇಸ್ ಕಾರಿನ ಫೀಲ್" ಅಂತ ಎಲ್ಲರಿಗೂ ಹೇಳಿಕೊಂಡಿದ್ದೆ. ಅದೇ ಕಾರಿನಲ್ಲಿ ಮಗು ಕೂರಿಸಿಕೊಂಡು ನಂದಿಯ ತಿರುವುಗಳನ್ನು ಇಳಿದು ಬಂದಿದ್ದೆ. ಆ ಗ್ಯಾರೇಜಿನ ನೆಲದ ಮೇಲೆ ಕೂತು ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಚಕ್ರ ಬಿಚ್ಚಿದ ಮೇಲೆ ಇನ್ನೂ ಎರಡು ಗೊತ್ತಾಯಿತು. ಟೈರಿನ ಒಳಬದಿಯಲ್ಲಿ ಸುತ್ತಲೂ ಒಂದು ಹೊಳೆಯುವ ಗೆರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೆಲ್ಲ ಒಳಗೆ ಉಜ್ಜಿ ಉಜ್ಜಿ ಆದದ್ದು. ಇನ್ನೊಂದು, ಅಲಾಯಿನ ನಡುವಿನ ತೂತು. ಚಕ್ರ ಕೂರುವ ಸ್ವಿಫ್ಟಿನ ಹಬ್ಬಿನ ವ್ಯಾಸ 54.1 ಮಿಲಿಮೀಟರ್. ನನ್ನ ಅಲಾಯಿನ ತೂತು ಅದಕ್ಕಿಂತ ದೊಡ್ಡದು, ನಡುವೆ ಹಾಕಬೇಕಾದ ರಿಂಗ್ ಇರಲೇ ಇಲ್ಲ. ಚಕ್ರ ನಾಲ್ಕು ನಟ್ಟುಗಳ ಹಿಡಿತದ ಮೇಲಷ್ಟೇ ನಿಂತಿತ್ತು. ತೊಂಬತ್ತರ ವೇಗದಲ್ಲಿ ಸ್ಟೇರಿಂಗ್ ನಡುಗುವುದಕ್ಕೆ ನಾನು ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದ್ದೆ. ಕಾರಣ ಬೇರೆಯೇ ಇತ್ತು.

ಅವತ್ತು ರಾತ್ರಿ ಕೂತು ಕಾನೂನನ್ನೂ ಸರಿಯಾಗಿ ಓದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಇಷ್ಟು: ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಮಾಲೀಕರು ವಾಹನವನ್ನು ಬದಲಿಸಬಾರದು. 2019ರ ಜನವರಿಯಲ್ಲಿ ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಕಾರಿಗೆ ಇಷ್ಟು ಅಂತ ಅಲ್ಲ, ಬದಲಾವಣೆಗೆ ಇಷ್ಟು. ನನ್ನ ಕಾರಿನದನ್ನು ಎಣಿಸಿ ನೋಡಿದೆ. ಆ ಎಎಸ್‌ಐ ನನ್ನ ಮೇಲೆ ಎಷ್ಟು ಕರುಣೆ ತೋರಿಸಿದ್ದರು ಅಂತ ಆಗ ಅರ್ಥವಾಯಿತು.

ಗೆಳೆಯರ ಗುಂಪಿನಲ್ಲಿ ಒಂದು ಮಾತು ಯಾವಾಗಲೂ ಬರುತ್ತದೆ. "ಜೆಸಿ ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಇದನ್ನೆಲ್ಲ ರಾಜಾರೋಷವಾಗಿ ಮಾರ್ತಾರೆ, ಹಾಕ್ಕೊಂಡ ನಾವು ಮಾತ್ರ ತಪ್ಪಿತಸ್ಥರಾ?" ಸಿಟ್ಟು ನ್ಯಾಯವೇ. ಆದರೆ ರಸ್ತೆಗೆ ಇಳಿಸುವವರು ನಾವು. ಅಂಗಡಿಯ ಕಪಾಟಿನಲ್ಲಿರುವ ಪೈಪು ಯಾರ ಮಗುವನ್ನೂ ಕೂರಿಸಿಕೊಂಡು ಹೋಗುವುದಿಲ್ಲ.

ಮೊದಲು ಸ್ಪ್ರಿಂಗ್. ನಾಲ್ಕೂ ಕಂಪನಿಯದ್ದೇ ತಂದೆ. ಮುಂದಿನ ಸ್ಟ್ರಟ್ ಮೌಂಟ್, ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಪೆಟ್ಟು ತಡೆಯುವ ಬಂಪ್ ಸ್ಟಾಪ್ ಎಲ್ಲ ಹೊಸದು, ಏಕೆಂದರೆ ಹಳೆಯ ಬಂಪ್ ಸ್ಟಾಪನ್ನೂ ಕುಯ್ದು ಅರ್ಧ ಮಾಡಿದ್ದರು. ಆಮೇಲೆ ವೀಲ್ ಅಲೈನ್‌ಮೆಂಟ್. ಎತ್ತರ ಬದಲಾದರೆ ಚಕ್ರದ ಕೋನವೂ ಬದಲಾಗುತ್ತದೆ, ಇದನ್ನು ಬಿಡಬೇಡಿ. ನನ್ನ ಮುಂದಿನ ಟೈರುಗಳ ಒಳಬದಿ ಸವೆದು 1.6 ಮಿಲಿಮೀಟರಿನ ಗುರುತಿಗೆ ಬಂದಿತ್ತು. ಕಾರಿನ ಟೈರಿಗೆ ನಿಯಮದಲ್ಲಿರುವ ಕನಿಷ್ಠ ಆಳ ಅದೇ. ಹೊರಗೆ ನಿಂತು ನೋಡಿದರೆ ಟೈರು ಹೊಸದರ ಹಾಗೇ ಕಾಣುತ್ತಿತ್ತು.

ಅಲಾಯ್ ಪೂರ್ತಿ ಬಿಡಲು ಮನಸ್ಸಾಗಲಿಲ್ಲ. ಅದಕ್ಕೆ ಒಂದು ದಾರಿ ಸಿಕ್ಕಿತು. ನನ್ನ ವಿಡಿಐಗೆ ಕಂಪನಿ ಕೊಟ್ಟ ಟೈರು 165/80 ಆರ್14, ಅಂದರೆ ಅಗಲ 165 ಮಿಲಿಮೀಟರ್, ಬದಿಯ ಎತ್ತರ ಅಗಲದ 80 ಶೇಕಡಾ, ಚಕ್ರ 14 ಇಂಚು. ಅದೇ ವರ್ಷದ, ಮೇಲಿನ ದರ್ಜೆಯ ಝಡ್‌ಡಿಐಗೆ ಕೊಟ್ಟಿದ್ದು 185/65 ಆರ್15. ಲೆಕ್ಕ ಹಾಕಿದರೆ ಮೊದಲನೆಯದರ ವ್ಯಾಸ ಸುಮಾರು 620 ಮಿಲಿಮೀಟರ್, ಎರಡನೆಯದರದ್ದು ಸುಮಾರು 621. ಅಂದರೆ ಸ್ಪೀಡೋಮೀಟರ್ ಹೆಚ್ಚುಕಡಿಮೆ ಆಗುವುದಿಲ್ಲ, ಎಲ್ಲೂ ಉಜ್ಜುವುದಿಲ್ಲ. ಅದೇ ಮಾಡೆಲಿಗೆ ತಯಾರಕರೇ ಒಪ್ಪಿದ ಅಳತೆ ಬೇರೆ. ಝಡ್‌ಡಿಐಯ ಹಳೆಯ ಕಂಪನಿ ಅಲಾಯ್ ನಾಲ್ಕನ್ನು ಹುಡುಕಿ ತಂದೆ. ಹಬ್ಬಿನ ಮೇಲೆ ಟಕ್ ಅಂತ ಕೂತವು. ತೊಂಬತ್ತರ ನಡುಕ ಅವತ್ತಿಗೇ ಹೋಯಿತು.

ಸೈಲೆನ್ಸರಿಗೆ ಜಾಸ್ತಿ ದುಡ್ಡು ಹೋಯಿತು. ಹಳೆಯ ಕನ್ವರ್ಟರನ್ನು ಗುಜರಿಗೆ ಕೊಟ್ಟಾಗಿತ್ತು. ಹೊಸದು ಕೊಳ್ಳಬೇಕಾಯಿತು, ರೀಮ್ಯಾಪನ್ನೂ ತೆಗೆಸಿ ಕಂಪನಿಯ ಸಾಫ್ಟ್‌ವೇರ್ ಹಾಕಿಸಿದೆ. ಕೆಲಸಕ್ಕೆ ಮೊದಲು ಒಂದು ಸಲ, ನನಗೇ ತಿಳಿಯಲಿ ಅಂತ ಎಮಿಷನ್ ಟೆಸ್ಟ್ ಮಾಡಿಸಿದ್ದೆ. ಬಿಎಸ್4 (ಭಾರತ್ ಸ್ಟೇಜ್ 4 ಮಾಲಿನ್ಯ ಮಾನದಂಡದ) ಡೀಸೆಲ್ ಕಾರಿಗೆ ಹೊಗೆಯ ದಟ್ಟಣೆಯ ಮಿತಿ 1.62. ನನ್ನದು ಎರಡರ ಮೇಲೆ ಹೋಗಿತ್ತು. ಸರಿ ಮಾಡಿಸಿದ ಮೇಲೆ 0.8ಕ್ಕೆ ಇಳಿಯಿತು. ಸಿಗ್ನಲ್ಲಿನಲ್ಲಿ ನನ್ನ ಹಿಂದೆ ನಿಂತ ಬೈಕಿನವರು ನಾಲ್ಕು ವರ್ಷ ಏನು ಉಸಿರಾಡಿದ್ದಾರೆ ಅನ್ನುವುದು ಆ ಎರಡು ಚೀಟಿ ಅಕ್ಕಪಕ್ಕ ಇಟ್ಟಾಗ ಕಂಡಿತು.

ಫಿಲ್ಮ್ ಮನೆಯಲ್ಲೇ ತೆಗೆದೆ. ಹೇರ್ ಡ್ರೈಯರಿನಿಂದ ಮೂಲೆ ಬಿಸಿ ಮಾಡಿ, ನಿಧಾನಕ್ಕೆ ಎಳೆಯಬೇಕು. ಅವಸರ ಮಾಡಿದರೆ ಗಮ್ ಗಾಜಿನಲ್ಲೇ ಉಳಿಯುತ್ತದೆ, ಆಮೇಲೆ ಸೋಪಿನ ನೀರು ಹಾಕಿ ಒಂದು ದಿನ ಉಜ್ಜಬೇಕಾಗುತ್ತದೆ. ನಿಯಮದ ಪ್ರಕಾರ ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ 70 ಶೇಕಡಾ, ಪಕ್ಕದ ಗಾಜಿನಲ್ಲಿ ಕನಿಷ್ಠ 50 ಶೇಕಡಾ ಬೆಳಕು ಹಾಯಬೇಕು. ಕಪ್ಪು ಫಿಲ್ಮ್ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ.

ಹೆಡ್‌ಲೈಟ್ ಪರೀಕ್ಷೆ ಯಾರು ಬೇಕಾದರೂ ಮನೆ ಹತ್ತಿರವೇ ಮಾಡಬಹುದು. ರಾತ್ರಿ ಕಾರನ್ನು ಗೋಡೆಯ ಎದುರು ನಿಲ್ಲಿಸಿ ಡಿಮ್ ಹಾಕಿ. ಕಂಪನಿಯ ಹ್ಯಾಲೊಜನ್ ಬಲ್ಬ್ ಆದರೆ ಗೋಡೆಯ ಮೇಲೆ ಒಂದು ಗೆರೆ ಕಾಣುತ್ತದೆ. ಕೆಳಗೆ ಬೆಳಕು, ಮೇಲೆ ಕತ್ತಲೆ. ನನ್ನ ಎಲ್‌ಇಡಿ ಹಾಕಿದಾಗ ಗೆರೆಯೇ ಇರಲಿಲ್ಲ, ಗೋಡೆ ಪೂರ್ತಿ ಬೆಳ್ಳಗೆ. ಅಂದರೆ ಎದುರಿಗೆ ಬರುವವರ ಕಣ್ಣಿಗೆ ನೇರ ಹೋಗುತ್ತಿತ್ತು. ಬಲ್ಬ್ ಕೆಟ್ಟದ್ದು ಅಂತಲ್ಲ, ಹ್ಯಾಲೊಜನ್ನಿಗೆ ಅಂತ ಮಾಡಿದ ರಿಫ್ಲೆಕ್ಟರಿನಲ್ಲಿ ಅದು ಸರಿಯಾಗಿ ಕೂರುವುದಿಲ್ಲ ಅಷ್ಟೇ. ಹಳೆಯ 60/55 ವಾಟಿನ ಬಲ್ಬೇ ವಾಪಸ್ ಹಾಕಿದೆ.

ಬಣ್ಣದ ವಿಷಯದಲ್ಲಿ ನಾನು ಹಿಂದುಮುಂದು ಮಾಡಿದ್ದೆ. ಬಣ್ಣ ಬದಲಿಸುವುದಕ್ಕೆ ದಾರಿ ಇದೆ. ಮೊದಲು ಆರ್‌ಟಿಒ ಅನುಮತಿ, ಆಮೇಲೆ ಬಣ್ಣ, ಆಮೇಲೆ ಗಾಡಿ ತೋರಿಸಿ ಆರ್‌ಸಿಯಲ್ಲಿ ನಮೂದು. ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ, ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಸಿಎನ್‌ಜಿ ಕಿಟ್ ಹಾಕಿಸುವವರಿಗೂ, ಅಂಗವಿಕಲರಿಗೆ ಅನುಕೂಲವಾಗುವ ಹಾಗೆ ಗಾಡಿ ಬದಲಿಸುವವರಿಗೂ ಹೀಗೇ ಕಾನೂನಿನಲ್ಲಿ ಜಾಗ ಇದೆ. ನನಗೆ ಬೂದು ಬಣ್ಣದ ಮೋಹ ಅಷ್ಟಿರಲಿಲ್ಲ. ರ‍್ಯಾಪ್ ಕಿತ್ತು ಬಿಳಿಗೆ ಬಂದೆ.

ಒಳ್ಳೆಯ ಸ್ಪೀಕರ್, ಸೀಟ್ ಕವರ್, ರಿವರ್ಸ್ ಕ್ಯಾಮೆರಾ, ಒಳ್ಳೆಯ ಬ್ರೇಕ್ ಪ್ಯಾಡ್ ಎಲ್ಲ ಹಾಗೇ ಇವೆ. ಕಾರಿನ ಮೇಲಿನ ಪ್ರೀತಿ ತೋರಿಸುವುದಕ್ಕೆ ಇಷ್ಟು ಜಾಗ ಸಾಕು ಅನ್ನಿಸುತ್ತದೆ ನನಗೆ.

ಒಂದು ಮಾತು ಪೊಲೀಸರಿಗೂ ಹೇಳಬೇಕು ಅನ್ನಿಸುತ್ತದೆ. ರಸ್ತೆ ಬದಿಯ ತಪಾಸಣೆಯಲ್ಲಿ ಸಿಗುವುದು ಕಿವಿಗೆ ಕೇಳಿಸುವುದು, ಕಣ್ಣಿಗೆ ಕಾಣುವುದು ಮಾತ್ರ. ಸೈಲೆನ್ಸರ್, ಫಿಲ್ಮ್, ನಂಬರ್ ಪ್ಲೇಟ್. ನಾನು ಮರುದಿನವೇ ಫಿಲ್ಮ್ ಕಿತ್ತು, ಪೈಪ್ ಬದಲಿಸಿ, ಕಟ್ ಮಾಡಿದ ಸ್ಪ್ರಿಂಗಿನಲ್ಲೇ ಓಡಾಡಿದ್ದರೆ ಯಾರೂ ತಡೆಯುತ್ತಿರಲಿಲ್ಲ. ವಾರಾಂತ್ಯದಲ್ಲಿ ಒಂದೆರಡು ಕಡೆಯಾದರೂ ಮೋಟಾರು ವಾಹನ ನಿರೀಕ್ಷಕರೊಬ್ಬರು, ಒಂದು ಜಾಕ್, ಒಂದು ಟಾರ್ಚ್ ಇದ್ದರೆ ಎಷ್ಟೋ ಜನ ಉಳಿಯುತ್ತಾರೆ. ದಂಡ ಹಾಕದೆ ಸುಮ್ನೆ ತೋರಿಸಿ ಕಳಿಸಿದರೂ ಆಗುತ್ತದೆ. ನನಗೆ ಬುದ್ಧಿ ಬಂದದ್ದು ಹಾಗೇ ಅಲ್ವಾ?

ಮೂರು ತಿಂಗಳ ಮೇಲೆ ಅದೇ ರಸ್ತೆಯಲ್ಲಿ ಮತ್ತೆ ನಿಲ್ಲಿಸಿದರು. ಈ ಸಲ ಯುವ ಅಧಿಕಾರಿ. ಎಂಜಿನ್ ಆಫ್ ಮಾಡಿದೆ, ಗಾಜು ಇಳಿಸಿದೆ. ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಎಲ್ಲ ನೋಡಿದರು. "ಅಲಾಯ್ ಕಂಪನಿದಾ ಸಾರ್?" ಅಂತ ಕೇಳಿದರು. ಇಳಿದು ಗ್ಲೋವ್ ಬಾಕ್ಸಿನಿಂದ ಮಾಲೀಕರ ಕೈಪಿಡಿ ತೆಗೆದು ಟೈರಿನ ಅಳತೆಯ ಪುಟ ತೋರಿಸಿದೆ, ಟೈರಿನ ಮೇಲಿನ 185/65 ಆರ್15 ಅನ್ನೂ ತೋರಿಸಿದೆ. ಅವರು ಬಗ್ಗಿ ಎರಡನ್ನೂ ಹೋಲಿಸಿ ಓದಿ, "ಹೋಗಿ ಸಾರ್" ಅಂದರು. ಅವರು ಅತ್ತ ಹೋದ ಮೇಲೆ ನಾನು ಟೈರಿಗೂ ಫೆಂಡರಿಗೂ ನಡುವೆ ಕೈ ಹಾಕಿದೆ. ಮೂರು ಬೆರಳು ಸಲೀಸಾಗಿ ಹೋದವು.

2028ಕ್ಕೆ ಕಾರಿಗೆ ಹದಿನೈದು ವರ್ಷ ತುಂಬುತ್ತದೆ. ಆರ್‌ಸಿ ನವೀಕರಿಸಬೇಕು, ಆಗ ಗಾಡಿ ನಿರೀಕ್ಷಕರ ಮುಂದೆ ನಿಲ್ಲಬೇಕು. ಪೆನ್ಸಿಲ್ಲಿನಲ್ಲಿ ಚಾಸಿ ನಂಬರಿನ ಅಚ್ಚು ತೆಗೆಯುತ್ತಾರೆ. ನಂಬರ್ ಇರುವ ಜಾಗಕ್ಕೆ ತುಕ್ಕು ಹಿಡಿಯದಿರಲಿ ಅಂತ ಈಗಿನಿಂದಲೇ ತಿಂಗಳಿಗೊಮ್ಮೆ ಒರೆಸಿ ತೆಳ್ಳಗೆ ಗ್ರೀಸ್ ಹಚ್ಚುತ್ತಿದ್ದೇನೆ.