ಲಾರಿ ಹೊರಡುವ ಮುನ್ನ ಒಂದು ಪತ್ರ: ಗಂಗಾವತಿಯಿಂದ ನನ್ನ ಅನುಭವ

ಪ್ರತಿ ತಿಂಗಳು 24ನೇ ತಾರೀಖು ರಾತ್ರಿ ಊಟ ಮುಗಿಸಿ ನಾನು ಪತ್ರ ಬರೆಯಲು ಕೂರುತ್ತೇನೆ. ಮರುದಿನ ಬೆಳಿಗ್ಗೆ ಏಳಕ್ಕೆ ಅದು ಬೆಂಗಳೂರು, ಹೈದರಾಬಾದ್, ಪುಣೆಯ ಸುಮಾರು ಎಂಟುನೂರು ಮನೆಗಳಿಗೆ ಇಮೇಲ್ ಆಗಿ ಹೋಗುತ್ತದೆ. ತಿಂಗಳ ಕೊನೆಗೆ ನಮ್ಮ ಅಕ್ಕಿ ಲಾರಿ ಹೊರಡುತ್ತದೆ. ನಡುವಿನ ನಾಲ್ಕೈದು ದಿನದಲ್ಲಿ ಆ ಪತ್ರಕ್ಕೆ ಬಂದ ಉತ್ತರಗಳೇ ನಮ್ಮ ಚಿಲ್ಲರೆ ವ್ಯಾಪಾರದ ಅರ್ಧಕ್ಕಿಂತ ಹೆಚ್ಚು ಪಾಲು.

ಗಂಗಾವತಿಯಲ್ಲಿ ಅಕ್ಕಿ ಮಾರುವುದೆಂದರೆ ಸಮುದ್ರದ ದಂಡೆಯಲ್ಲಿ ಕೂತು ಉಪ್ಪು ಮಾರಿದ ಹಾಗೆ. ತುಂಗಭದ್ರಾ ಜಲಾಶಯದ ಎಡದಂಡೆ ಕಾಲುವೆಯ ನೀರು ಬಂದಾಗಿನಿಂದ ಇಲ್ಲಿ ಎಲ್ಲಿ ನೋಡಿದರೂ ಭತ್ತ, ರಸ್ತೆಗೊಂದು ರೈಸ್ ಮಿಲ್. ಅಪ್ಪನದು ಚಿಕ್ಕ ಅಂಗಡಿ. ಗುರುತಿನ ಏಳೆಂಟು ರೈತರಿಂದ ಭತ್ತ ಕೊಂಡು, ಮಿಲ್ಲಿಗೆ ಹಾಕಿಸಿ ಅಕ್ಕಿ ಮಾಡಿಸಿ ಮಾರುತ್ತೇವೆ. ದೊಡ್ಡ ಮಿಲ್ಲುಗಳ ಮುಂದೆ ಬೆಲೆಯಲ್ಲಿ ಪೈಪೋಟಿ ಮಾಡುವ ಶಕ್ತಿ ನಮಗಿಲ್ಲ. ಆದರೆ ಅಂಜನಾದ್ರಿ, ಹಂಪಿ ನೋಡಲು ಬಂದವರು ವಾಪಸ್ ಹೋಗುವಾಗ ಕಾರಿನ ಡಿಕ್ಕಿಯಲ್ಲಿ ಒಂದು ಚೀಲ ಹಾಕಿಕೊಂಡು ಹೋಗುವುದು ಮೊದಲಿನಿಂದಲೂ ಇತ್ತು. ಎರಡು ತಿಂಗಳಿಗೆ ಫೋನ್ ಬರುತ್ತಿತ್ತು: "ಮೇಡಂ, ಆ ಅಕ್ಕಿ ಮತ್ತೆ ಸಿಗುತ್ತಾ?" ಒಂದೇ ಚೀಲವನ್ನು ಕೊರಿಯರ್‌ಗೆ ಹಾಕಿದರೆ ಸಾಗಾಣಿಕೆಯೇ ಭಾರವಾಗುತ್ತದೆ. ಒಂದು ಬಡಾವಣೆಯವರು ಹತ್ತು ಜನ ಸೇರಿದರೆ ಗಿಟ್ಟುತ್ತದೆ. ಆ ಹತ್ತು ಜನರನ್ನು ಒಂದೇ ವಾರದಲ್ಲಿ ಸೇರಿಸುವ ದಾರಿ ಬೇಕಿತ್ತು.

ಮೊದಲು ವಾಟ್ಸ್ಆ್ಯಪ್‌ನಲ್ಲೇ ಶುರು ಮಾಡಿದೆ. ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ, ಅದರಲ್ಲೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ದಾರಿಯಲ್ಲಿ ಒಮ್ಮೆ ಅಕ್ಕಿ ಕೊಂಡವರು ನಮ್ಮ ನಂಬರ್ ಯಾಕೆ ಸೇವ್ ಮಾಡಿಕೊಂಡಾರು? ಅದಕ್ಕೇ 2023ರ ದಸರೆ ಹೊತ್ತಿಗೆ ಗಲ್ಲಾದ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಹೆಸರು, ಊರು, ಇಮೇಲ್, ಕೊನೆಯಲ್ಲಿ "ತಿಂಗಳಿಗೊಂದು ಪತ್ರ ಕಳಿಸಲೇ?" ಎಂಬ ಕಾಲಂ. ಹೌದು ಎಂದು ಗುರುತು ಹಾಕಿದವರಿಗೆ ಮಾತ್ರ ಕಳಿಸಬೇಕೆಂದು ಅವತ್ತೇ ನಿಶ್ಚಯಿಸಿದೆ. ಸಾವಿರಾರು ಇಮೇಲ್ ವಿಳಾಸ ಮಾರುತ್ತೇವೆಂದು ಫೋನ್ ಮಾಡುವವರು ಈಗಲೂ ಇದ್ದಾರೆ. ಕೇಳದವರ ಮನೆ ಬಾಗಿಲು ಬಡಿದು ಅಕ್ಕಿ ಮಾರಿದರೆ ಅವರು ಅಕ್ಕಿ ಕೊಳ್ಳುವುದಿಲ್ಲ, ನಮ್ಮ ಹೆಸರನ್ನಷ್ಟೇ ಬೈದುಕೊಳ್ಳುತ್ತಾರೆ.

ಶುರುವಿನಲ್ಲಿ ಮಾಡಿದ ತಪ್ಪುಗಳನ್ನು ಮುಚ್ಚಿಡುವುದಿಲ್ಲ, ಬೇರೆಯವರಿಗೆ ಉಪಯೋಗಕ್ಕೆ ಬರಲಿ. ಮೊದಲ ಪತ್ರವನ್ನು ಪರಿಚಯದ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆ. ಅವರು ಹಳೆಯ ನುಡಿ ಫಾಂಟ್‌ನಲ್ಲಿ ಹೊಡೆದಿದ್ದರು. ನನ್ನ ಕಂಪ್ಯೂಟರಿನಲ್ಲಿ ಮುತ್ತಿನಂಥ ಅಕ್ಷರ, ತಲುಪಿದವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ನಡದಲ್ಲಿ ಇಮೇಲ್ ಬರೆಯುವವರು ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲೇ ಬರೆಯಬೇಕು, ಇಲ್ಲವೇ ಹಳೆಯದನ್ನು ಯೂನಿಕೋಡ್‌ಗೆ ಪರಿವರ್ತಿಸಿ ಬೇರೆ ಫೋನಿನಲ್ಲಿ ತೆರೆದು ನೋಡಿ ಕಳಿಸಬೇಕು. ಎರಡನೇ ತಪ್ಪು ಅದಕ್ಕಿಂತ ದೊಡ್ಡದು. ನೂರ ನಲವತ್ತು ವಿಳಾಸಗಳನ್ನೂ "ಟು" ಜಾಗದಲ್ಲೇ ಹಾಕಿ ಕಳಿಸಿಬಿಟ್ಟೆ. ಎಲ್ಲರ ಇಮೇಲ್ ಎಲ್ಲರಿಗೂ ಕಂಡಿತು. ಯಾರೋ ಒಬ್ಬರು ಎಲ್ಲರಿಗೂ ಉತ್ತರ ಕೊಟ್ಟರು, ಅದಕ್ಕೆ ಇನ್ನಿಬ್ಬರು. ಇಡೀ ದಿನ ಒಬ್ಬೊಬ್ಬರಿಗೂ ಕ್ಷಮೆ ಕೇಳಿ ಬರೆದೆ. ನಂಬಿ ಕೊಟ್ಟ ವಿಳಾಸವನ್ನು ಬೀದಿಗೆ ಹಾಕಿದ ಹಾಗಾಗಿತ್ತು, ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ.

ಆಮೇಲೆ ಒಂದೇ ಪತ್ರವನ್ನು ಪಟ್ಟಿಯ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಕಳಿಸಿಕೊಡುವ ಬ್ರೆವೊ ಎಂಬ ಸೇವೆಗೆ ಬಂದೆ. ನಾನು ಶುರು ಮಾಡಿದಾಗ ದಿನಕ್ಕೆ 300 ಇಮೇಲ್ ಉಚಿತವಿತ್ತು, ಅಷ್ಟು ಸಾಕಾಗಿತ್ತು. ಅಲ್ಲೂ ಒಂದು ಪಾಠ ಕಾದಿತ್ತು. ನಾನು ಮಾಮೂಲಿ ಜಿಮೇಲ್ ವಿಳಾಸದಿಂದಲೇ ಹೋಗುವ ಹಾಗೆ ಇಟ್ಟಿದ್ದೆ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಪಟ್ಟಿಗೆ ಕಳಿಸುವವರ ಮೇಲೆ ನಿಯಮ ಬಿಗಿ ಮಾಡಿದವು. ಆ ತಿಂಗಳ ನನ್ನ ಪತ್ರ ಬಹುಪಾಲು ಸ್ಪ್ಯಾಮ್‌ಗೆ ಬಿತ್ತು, ಆರ್ಡರ್ ಬಂದದ್ದು ಬೆರಳೆಣಿಕೆ. ಆಗ ಅಂಗಡಿ ಹೆಸರಿನಲ್ಲಿ ಸ್ವಂತ ಡೊಮೈನ್, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಹೆಸರಿನ ವಿಳಾಸ, ಕೊಂಡೆ, ನನಗೆ ವರ್ಷಕ್ಕೆ ಸಾವಿರ ರೂಪಾಯಿಯ ಒಳಗೇ ಆಯಿತು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲುಗಳನ್ನು ಅದಕ್ಕೆ ಸೇರಿಸಬೇಕು. ಹೆಸರು ಕೇಳಿ ಹೆದರಬೇಕಿಲ್ಲ. ಲಾರಿಯ ಜೊತೆ ಹೋಗುವ ಕಾಗದ ಪತ್ರ ಇದ್ದ ಹಾಗೆ. ನಮ್ಮ ಹೆಸರಿನಲ್ಲಿ ಮಾಲು ಒಯ್ಯಲು ಯಾವ ಲಾರಿಗೆ ಒಪ್ಪಿಗೆ ಇದೆ ಎನ್ನುವುದನ್ನು ಮೊದಲನೆಯದು ಹೇಳುತ್ತದೆ. ದಾರಿಯಲ್ಲಿ ಚೀಲ ಬಿಚ್ಚಿಲ್ಲ ಎನ್ನುವ ಸೀಲು ಎರಡನೆಯದು. ಇವೆರಡೂ ಹೊಂದದಿದ್ದರೆ ಏನು ಮಾಡಬೇಕೆಂದು ಮೂರನೆಯದು ತಿಳಿಸುತ್ತದೆ. ಸೇವೆಯವರು ಕೊಟ್ಟ ಸಾಲುಗಳನ್ನು ನಕಲು ಮಾಡಿ ಅಂಟಿಸಿದೆ, ಒಂದು ಮಧ್ಯಾಹ್ನದ ಕೆಲಸ. ಸ್ಪ್ಯಾಮ್ ಎಂದು ದೂರುವವರು ಸಾವಿರಕ್ಕೆ ಮೂರು ಮುಟ್ಟಬಾರದು ಎಂಬುದೂ ಜಿಮೇಲ್ ಇಟ್ಟಿರುವ ಗೆರೆ. ನಮ್ಮಂಥ ಚಿಕ್ಕ ಪಟ್ಟಿಗೆ ಇಬ್ಬರು ಮೂವರು ಸಿಟ್ಟಾದರೂ ಆ ಗೆರೆ ಮುಟ್ಟಿದ ಹಾಗೆಯೇ. ಆದ್ದರಿಂದ ಪತ್ರ ಬೇಡವೆನ್ನುವವರಿಗೆ ಹೊರಹೋಗುವ ಕೊಂಡಿಯನ್ನು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಡಗಿಸದೆ ಮೊದಲ ಪ್ಯಾರಾದ ಕೆಳಗೇ ಇಟ್ಟಿದ್ದೇನೆ.

ಇಷ್ಟೆಲ್ಲ ಆದರೂ ಪತ್ರದಲ್ಲಿ ಏನು ಬರೆಯಬೇಕೆಂಬುದು ನನಗೆ ತಿಳಿದಿರಲಿಲ್ಲ. ಮೊದಲ ಮೂರು ತಿಂಗಳು ಬೆಲೆಪಟ್ಟಿ, ಹಬ್ಬದ ರಿಯಾಯಿತಿ, ಶುಭಾಶಯ. ಯಾರೂ ಉತ್ತರಿಸಲಿಲ್ಲ. ದಾರಿ ಕಂಡದ್ದು ಮುಂದಿನ ಡಿಸೆಂಬರಿನಲ್ಲಿ, ಮುಂಗಾರು ಭತ್ತ ಕಟಾವಾಗಿ ಹೊಸ ಅಕ್ಕಿ ಅಂಗಡಿಗೆ ಬಂದಾಗ. ಹಿಂದಿನ ವರ್ಷ ಹೊಸ ಅಕ್ಕಿ ಒಯ್ದ ಒಬ್ಬರು "ಅನ್ನ ಮುದ್ದೆಯಾಗುತ್ತದೆ, ಮೋಸ ಮಾಡಿದಿರಿ" ಎಂದು ಬೇಸರಿಸಿಕೊಂಡಿದ್ದು ಮನಸ್ಸಿನಲ್ಲಿತ್ತು. ಆ ತಿಂಗಳ ಪತ್ರಕ್ಕೆ ತಲೆಬರಹ ಕೊಟ್ಟೆ: "ಹೊಸ ಅಕ್ಕಿ ಬಂದಿದೆ, ಈಗಲೇ ಕೊಳ್ಳಬೇಡಿ."

ಅಪ್ಪ ಹಿಂದಿನಿಂದ ಓದಿ, "ತಗೋಬ್ಯಾಡ್ರಿ ಅಂತ ಅಂಗಡಿಯಾಕಿನೇ ಬರದ್ರ ಹೆಂಗವ್ವ?" ಅಂದರು.

ಬರೆದದ್ದು ಇಷ್ಟೇ. ಹೊಸ ಅಕ್ಕಿ ಬೇಗ ಮೆತ್ತಗಾಗುತ್ತದೆ, ಅಂಟುತ್ತದೆ. ಸಂಕ್ರಾಂತಿಯ ಹುಗ್ಗಿಗೆ, ಪೊಂಗಲ್‌ಗೆ ಅದು ಬಲು ಚೆನ್ನ, ಎರಡು ಮೂರು ಕೆಜಿ ಒಯ್ಯಿರಿ. ದಿನದ ಊಟಕ್ಕೆ ಆರು ತಿಂಗಳು ದಾಟಿದ ಹಳೆಯ ಅಕ್ಕಿ ಒಯ್ಯಿರಿ. ಹಳತಾದಷ್ಟೂ ಕಾಳು ನೀರು ಹೆಚ್ಚು ಕುಡಿದು ಉದ್ದಕ್ಕೆ ಅರಳುತ್ತದೆ, ಬಿಡಿಬಿಡಿಯಾಗುತ್ತದೆ. ಹೊಸದಕ್ಕೆ ಒಂದು ಪಾವಿಗೆ ಎರಡು ಪಾವು ನೀರು, ಹಳೆಯದಕ್ಕೆ ಎರಡೂವರೆ. ಗೋದಾಮಿನಲ್ಲಿ ಹಳೆಯದು ಇನ್ನು ಎಷ್ಟು ಚೀಲ ಉಳಿದಿದೆ ಎಂಬ ಲೆಕ್ಕವನ್ನೂ ಹಾಕಿದೆ. ಜೊತೆಗೆ ಒಂದೇ ಚಿತ್ರ: ಅಪ್ಪನ ಎಡ ಅಂಗೈಯಲ್ಲಿ ಬೆಳ್ಳಗಿನ ಹೊಸ ಕಾಳು, ಬಲ ಅಂಗೈಯಲ್ಲಿ ಸ್ವಲ್ಪ ಹಳದಿಗೆ ತಿರುಗಿದ ಹಳೆಯ ಕಾಳು.

ಎರಡು ದಿನದಲ್ಲಿ ಹಳೆಯ ಅಕ್ಕಿ ಖಾಲಿ. ಹುಗ್ಗಿಗೆಂದು ಹೊಸದನ್ನೂ ಕೇಳಿದರು. ಮಾರಾಟಕ್ಕಿಂತ ನನಗೆ ಹಿಡಿಸಿದ್ದು ಉತ್ತರಗಳು. ಅಮ್ಮ ಹೀಗೇ ಹೇಳುತ್ತಿದ್ದರು ಎಂದವರು, ಕುಕ್ಕರಿಗೆ ಎಷ್ಟು ಕೂಗು ಎಂದು ಕೇಳಿದವರು, ಅನ್ನದ ಫೋಟೋ ಕಳಿಸಿದವರು. ಅಪ್ಪ ಎಲ್ಲವನ್ನೂ ಓದಿಸಿಕೊಂಡು, "ಇದ್ದದ್ದು ಇದ್ದಂಗ ಬರೀತಾ ಹೋಗವ್ವ" ಎಂದರು.

ಗಂಗಾವತಿಯಲ್ಲಿ ಕೂತವರಿಗಷ್ಟೇ ಗೊತ್ತಿರುವ ಒಂದು ಸಂಗತಿ ಪ್ರತಿ ಪತ್ರದಲ್ಲಿ ಇರಲೇಬೇಕು ಎಂದು ಅಲ್ಲಿಂದ ಕಟ್ಟುನಿಟ್ಟು ಮಾಡಿಕೊಂಡೆ. ಒಂದು ತಿಂಗಳು ತಳಿಗಳ ಬಗ್ಗೆ ಬರೆದೆ. ಸೋನಾ ಮಸೂರಿ ಎಂದು ಮಾರುವುದೆಲ್ಲ ಒಂದೇ ಅಲ್ಲ. ಬಿಪಿಟಿ 5204 ಆಂಧ್ರದ ಬಾಪಟ್ಲದ್ದು, ಆರ್‌ಎನ್‌ಆರ್ 15048 ಹೈದರಾಬಾದಿನ ರಾಜೇಂದ್ರನಗರದ್ದು, ಗಂಗಾವತಿ ಸೋನಾ ನಮ್ಮೂರ ಕೃಷಿ ಸಂಶೋಧನಾ ಕೇಂದ್ರದಲ್ಲೇ ಹುಟ್ಟಿದ್ದು. ಚೀಲದಲ್ಲಿ ಯಾವುದಿದೆಯೋ ಅದರ ಹೆಸರನ್ನೇ ಬರೆದು ಕಳಿಸುತ್ತೇವೆ. ಇನ್ನೊಮ್ಮೆ, ಚೀಲ 25 ಕೆಜಿ ಇರದೆ 26 ಕೆಜಿ ಯಾಕೆ ಎಂದು ಪುಣೆಯವರೊಬ್ಬರು ಕೇಳಿದ್ದಕ್ಕೆ ಪತ್ರದಲ್ಲೇ ಉತ್ತರಿಸಿದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಇರುವ ಚೀಲಕ್ಕೆ ಶೇಕಡಾ 5 ಜಿಎಸ್‌ಟಿ ಬಂತು, ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಹಾಗಾಗಿ ಮಾರುಕಟ್ಟೆಯೇ 26ಕ್ಕೆ ಹೊರಳಿತು.

ಈ ಕೆಲಸದ ತೂಕ ನನಗೆ ಗೊತ್ತಾದದ್ದು ಮಾತ್ರ ಆ ಹೊಸ ಅಕ್ಕಿಯ ಪತ್ರಕ್ಕೂ ಮೊದಲೇ, 2024ರ ಆಗಸ್ಟ್ 11, ಭಾನುವಾರ. ಹಿಂದಿನ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋಗಿತ್ತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹೊಳೆಗೆ ಹೋಗುತ್ತಿತ್ತು. ಊರಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ನಾಟಿಯ ದಿನಗಳು ಅವು. ಸಾಲ ಮಾಡಿ ಗೊಬ್ಬರ ಹಾಕಿದವರು ಅಂಗಡಿ ಕಟ್ಟೆಯ ಮೇಲೆ ಮಾತಿಲ್ಲದೆ ಕೂತಿದ್ದರು. ಬೆಳಿಗ್ಗೆಯಿಂದಲೇ ಗಿರಾಕಿಗಳ ಫೋನ್, "ಅಕ್ಕಿ ತುಟ್ಟಿಯಾಗುತ್ತಾ? ನಾಲ್ಕು ಚೀಲ ಎತ್ತಿಡಿ." ಅವತ್ತು ಬೆಲೆ ಏರಿಸಿ ಮಾರಬಹುದಿತ್ತು. ಸಂಜೆ ನಾನು ಬರೆದ ಪತ್ರದ ಒಂದು ತುಣುಕು ಇದು:

"ನೀವು ಈಗ ಉಣ್ಣುತ್ತಿರುವುದು ಹಿಂದಿನ ಬೆಳೆಯ ಅಕ್ಕಿ. ಅದು ಗೋದಾಮಿನಲ್ಲಿ ಕ್ಷೇಮವಾಗಿದೆ, ಅದರ ಬೆಲೆ ಏರಿಸುವುದಿಲ್ಲ. ಎಲ್ಲರಿಗೂ ಸಿಗಲೆಂದು ಮನೆಗೊಂದೇ ಚೀಲ ಕೊಡುತ್ತೇವೆ. ಮುಂದಿನ ಬೆಳೆಯ ಬಗ್ಗೆ ಇವತ್ತು ಏನು ಹೇಳಿದರೂ ಸುಳ್ಳಾಗುತ್ತದೆ. ಗದ್ದೆಯಲ್ಲಿ ಸಸಿ ನಿಂತಿದೆ, ಕಾಲುವೆಯಲ್ಲಿ ಈಗ ನೀರಿದೆ. ಗೊತ್ತಾದ ದಿನ ಬರೆಯುತ್ತೇನೆ."

ಆರ್ಡರ್ ಮಾಡುವ ಸಾಲನ್ನು ಆ ಪತ್ರದಿಂದ ತೆಗೆದುಹಾಕಿದೆ. ಅಂಥ ದಿನ ಮಾರಲು ಮನಸ್ಸಾಗಲಿಲ್ಲ. ಅರವತ್ತಕ್ಕೂ ಹೆಚ್ಚು ಜನ ಉತ್ತರಿಸಿದರು. ಬೆಲೆ ಕೇಳಿದವರು ಐದಾರು ಮಂದಿ, ಉಳಿದವರೆಲ್ಲ ಕೇಳಿದ್ದು ರೈತರ ಬಗ್ಗೆ. ಕಾರಟಗಿ ಕಡೆಯಿಂದ ನಮಗೆ ಭತ್ತ ತರುವ ಹಿರಿಯರೊಬ್ಬರಿಗೆ ಆ ಉತ್ತರಗಳನ್ನು ಓದಿ ಹೇಳಿದೆ. "ಬೆಂಗಳೂರಾಗಿನವ್ರು ನಮ್ಮ ಗದ್ದಿ ಬಗ್ಗೆ ಕೇಳ್ಯಾರೇನವ್ವ?" ಎಂದು ಎರಡು ಸಲ ಕೇಳಿದರು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಅಡ್ಡತಡೆ ಇಳಿಸಿ ಗೇಟಿನ ಬಾಯಿ ಮುಚ್ಚಿದರು. ಮೂರೇ ಸಾಲಿನ ಪತ್ರ ಕಳಿಸಿದೆ. ಮುಂದೆ ಮಳೆ ಬಂದು ಜಲಾಶಯ ಮತ್ತೆ ತುಂಬಿದಾಗ ಇನ್ನೊಂದು.

ಕೆಲಸಕ್ಕೆ ಬರುವ ಇನ್ನು ಕೆಲವು ಮಾತು. ಎಷ್ಟು ಜನ ತೆರೆದರು ಎಂಬ ಅಂಕಿಯನ್ನು ನಾನು ನೋಡುವುದೇ ಬಿಟ್ಟಿದ್ದೇನೆ. 2021ರಿಂದ ಆ್ಯಪಲ್ ಫೋನಿನ ಮೇಲ್, ಓದುಗರು ಪತ್ರ ತೆರೆಯದಿದ್ದರೂ ಅದರೊಳಗಿನ ಚಿತ್ರಗಳನ್ನು ತಾನೇ ಇಳಿಸಿಕೊಳ್ಳುತ್ತದೆ, ಲೆಕ್ಕದಲ್ಲಿ ತೆರೆದ ಹಾಗೇ ಕಾಣುತ್ತದೆ. ನನ್ನ ಲೆಕ್ಕ ಎರಡೇ: ಬಂದ ಉತ್ತರ, ಲಾರಿಗೇರಿದ ಚೀಲ. ಕನ್ನಡದ ಪದಗಳು ಉದ್ದ, ಫೋನಿನಲ್ಲಿ ತಲೆಬರಹದ ಮೊದಲ ನಾಲ್ಕೈದು ಪದ ಮಾತ್ರ ಕಾಣುತ್ತವೆ, ಅಂಗಡಿ ಹೆಸರಿಗೆ ಆ ಜಾಗ ಕೊಡಬೇಡಿ. ಹೈದರಾಬಾದ್, ಪುಣೆಯವರಿಗೆ ಇಂಗ್ಲಿಷಿನಲ್ಲಿ ಬೇರೆಯೇ ಬರೆಯುತ್ತೇನೆ, ಅನುವಾದ ಮಾಡುವುದಿಲ್ಲ. ಕೊಳ್ಳಲು ಫಾರಂ ತುಂಬಬೇಕಿಲ್ಲ, ಪತ್ರಕ್ಕೆ ಉತ್ತರವಾಗಿ ಎಷ್ಟು ಚೀಲ ಎಂದು ಬರೆದರೆ ಸಾಕು, ಹಣ ಯುಪಿಐ. ನೋಟ್‌ಬುಕ್ಕಿನ ಕೈಬರಹದಲ್ಲಿ ಒಂದು ಅಕ್ಷರ ತಪ್ಪಾದರೂ ಪತ್ರ ವಾಪಸ್ ಬರುತ್ತಿತ್ತು, ಈಗ ಅವರೇ ನನ್ನ ಫೋನಿನಲ್ಲಿ ವಿಳಾಸ ಹೊಡೆಯುತ್ತಾರೆ. ತಕ್ಷಣ ಅವರಿಗೊಂದು ಇಮೇಲ್ ಹೋಗುತ್ತದೆ, ಅದರಲ್ಲಿನ ಕೊಂಡಿ ಒತ್ತಿ ಒಪ್ಪಿದರೆ ಮಾತ್ರ ಪಟ್ಟಿಗೆ ಸೇರುತ್ತಾರೆ.

ವರ್ಷಕ್ಕೊಮ್ಮೆ ಪಟ್ಟಿಯನ್ನು ಕೇರುತ್ತೇನೆ. ಹನ್ನೆರಡು ತಿಂಗಳಿಂದ ಉತ್ತರವನ್ನೂ ಕೊಡದ, ಅಕ್ಕಿಯನ್ನೂ ಕೊಳ್ಳದವರಿಗೆ "ಪತ್ರ ಇನ್ನೂ ಬೇಕೇ?" ಎಂದು ಒಂದೇ ಸಾಲು ಕಳಿಸಿ, ಹದಿನೈದು ದಿನ ಕಾದು, ಮೌನವಾಗಿದ್ದವರ ಹೆಸರು ತೆಗೆಯುತ್ತೇನೆ. ಮೊದಲ ಸಲ ಎಪ್ಪತ್ತು ಹೆಸರು ತೆಗೆಯುವಾಗ ಹೊಟ್ಟೆಗೆ ಸಂಕಟವಾಗಿತ್ತು. ಕೆಲವು ತಿಂಗಳ ನಂತರ ಹನುಮ ಜಯಂತಿಗೆ ಅಂಜನಾದ್ರಿಗೆ ಬಂದ ಒಬ್ಬರು ಅಂಗಡಿಗೆ ಬಂದು, "ನಿಮ್ಮ ಪತ್ರ ನಿಂತೇ ಹೋಯಿತಲ್ಲ, ನಮ್ಮ ಅತ್ತೆಗೆ ನಾನು ಅದನ್ನು ಓದಿ ಹೇಳುತ್ತಿದ್ದೆ" ಎಂದರು. ನನ್ನ ಫೋನ್ ತೆಗೆದುಕೊಂಡು ತಾವೇ ವಿಳಾಸ ಹೊಡೆದರು, ಕೆಳಗೆ ಅತ್ತೆಯದನ್ನೂ.